ಅಪ್ಪನ ಮರೆವು, ಅವ್ವನ ಡ್ಯೂಟಿ

ಸಂಜೆ ಐದು ಹೊಡೆಯಿತು ಅಂದರೆ ನಮ್ಮಪ್ಪನಿಗೆ ಮನೆಗೆ ಹೋಗುವ ಅವಸರ ಶುರುವಾಗುತ್ತದೆ. ಧೋತರ ಸರಿಮಾಡಿಕೊಳ್ಳುತ್ತಾನೆ, ಟೋಪಿ ಹಾಕಿಕೊಳ್ಳುತ್ತಾನೆ, ಮೂಲೆಯಲ್ಲಿರುವ ಛತ್ರಿ ಕೈಗೆ ತಗೊಳ್ಳುತ್ತಾನೆ. "ನರಗುಂದದ ಬಸ್ಸಿಗೆ ಹೊತ್ತಾತು. ಮನ್ಯಾಗ ನಮ್ಮವ್ವ ಕಾಯ್ತಿರ್ತಾಳ" ಅನ್ನುತ್ತಾನೆ.

ಅವನು ಕೂತಿರುವುದೇ ಅವನ ಮನೆಯಲ್ಲಿ. ರೋಣದ ಈ ಮನೆಯನ್ನು 1999ರಲ್ಲಿ ಅವನೇ ನಿಂತು ಕಟ್ಟಿಸಿದ. ಅವನ ಅವ್ವ, ಅಂದರೆ ನಮ್ಮ ಆಯಿ, ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು.

ಮೊದಮೊದಲು ನಾನು ವಾದ ಮಾಡುತ್ತಿದ್ದೆ. ನಾನು ಸಾಫ್ಟ್‌ವೇರ್ ಕೆಲಸದವನು. ಡೇಟಾ ತಪ್ಪಿದ್ದರೆ ತಿದ್ದಬೇಕು ಅನ್ನುವುದು ನನ್ನ ಅಭ್ಯಾಸ. "ಅಪ್ಪಾ, ಇದ ನಿನ್ನ ಮನಿ. ಆಯಿ ಸತ್ತು ಇಪ್ಪತ್ತ ವರ್ಷ ಆತು" ಅಂದುಬಿಡುತ್ತಿದ್ದೆ. ಆ ಸುದ್ದಿಯನ್ನು ಅವತ್ತೇ ಮೊದಲು ಕೇಳಿದವನಂತೆ ಅಪ್ಪ ಅಳುತ್ತಿದ್ದ. ಹತ್ತು ನಿಮಿಷಕ್ಕೆ ಮರೆತು ಮತ್ತೆ ಛತ್ರಿ ಹಿಡಿಯುತ್ತಿದ್ದ. ಒಂದು ಸಂಜೆಯಂತೂ ಅವನಿಗೆ ಅವನ ಅವ್ವನ ಸಾವಿನ ಸುದ್ದಿಯನ್ನು ಮೂರು ಸಲ ಹೇಳಿದ್ದೇನೆ. ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚಿದಂತಾಗುತ್ತದೆ.

ಅಪ್ಪನಿಗೆ ಇರುವುದು ಆಲ್ಝೈಮರ್ಸ್. ಆದರೆ ಈ ಲೇಖನ ಅಪ್ಪನಿಗಿಂತ ಹೆಚ್ಚಾಗಿ ಅವನನ್ನು ನೋಡಿಕೊಳ್ಳುವ ನಮ್ಮವ್ವನ ಬಗ್ಗೆ. ಬೆಂಗಳೂರಲ್ಲಿ ಕೂತು ತಿಂಗಳು ತಿಂಗಳು ದುಡ್ಡು ಕಳಿಸಿ "ಎಲ್ಲಾ ಮ್ಯಾನೇಜ್ ಆಗ್ತಿದೆ" ಅಂದುಕೊಂಡಿದ್ದ ನನ್ನ ಬಗ್ಗೆಯೂ ಹೌದು.

ಉದ್ರಿ ಪುಸ್ತಕ ತಪ್ಪಿದಾಗ

ಅಪ್ಪ ಹುಟ್ಟಿದ್ದು ನರಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಶಾಲೆಗೋಸ್ಕರ ರೋಣಕ್ಕೆ ಬಂದು ಬೀಜ, ಗೊಬ್ಬರದ ಸಣ್ಣ ಅಂಗಡಿ ಹಾಕಿದ. ಯಾರು ಎಷ್ಟು ಚೀಲ ಒಯ್ದರು, ಯಾರದು ಎಷ್ಟು ಬಾಕಿ ಅನ್ನುವುದು ಉದ್ರಿ ಪುಸ್ತಕ ತೆಗೆಯದೇ ಅವನಿಗೆ ಗೊತ್ತಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅದೇ ಪುಸ್ತಕದಲ್ಲಿ ಗೊಂದಲ ಶುರುವಾಯಿತು. ದುಡ್ಡು ಕೊಟ್ಟು ಹೋದವರ ಮನೆಗೆ ಮತ್ತೆ ವಸೂಲಿಗೆ ಹೋದ. ಅವರು ಸಿಟ್ಟಾದರು. ಇನ್ನೊಬ್ಬರಿಗೆ ಒಂದೇ ವಾರದಲ್ಲಿ ಎರಡು ಸಲ ಯೂರಿಯಾ ಕೊಟ್ಟು ಒಂದೂ ಬರೆಯಲಿಲ್ಲ. ಊರಿನವರು "ಅರವತ್ತಕ್ಕ ಅರಳು ಮರಳು" ಎಂದು ನಕ್ಕರು. ನಾವೂ ನಕ್ಕೆವು. ಆ ಗಾದೆಯೊಳಗೆ ಎಷ್ಟು ಜನರ ಕಾಯಿಲೆ ಮುಚ್ಚಿಹೋಗಿದೆಯೋ!

ಮೊದಲು ತೋರಿಸಿದ ಒಂದು ದವಾಖಾನೆಯಲ್ಲಿ "ವಯಸ್ಸಾತು, ಮರೀತಾರ, ಏನ್ ಮಾಡೂದು" ಎಂದು ಟಾನಿಕ್ ಬರೆದುಕೊಟ್ಟರು. ಅಲ್ಲಿಗೆ ಒಂದು ವರ್ಷ ಹೋಯಿತು. ಅಪ್ಪ ಗಜೇಂದ್ರಗಡದ ಅಕ್ಕನ ಮನೆಗೆ ಹೋಗಿ, ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಯಾವ ಊರಿಗೆ ಹೋಗಬೇಕು ಅನ್ನುವುದೇ ಹೊಳೆಯದೇ ಮಧ್ಯಾಹ್ನದವರೆಗೆ ಕೂತಿದ್ದಾಗ ನಮಗೆ ಎಚ್ಚರವಾಯಿತು. ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು.

ಅಲ್ಲಿ ಮೊದಲು ಮಾಡಿದ್ದು ಬೇರೆ ಕಾರಣ ಹುಡುಕುವ ಕೆಲಸ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ತಲೆಗೆ ಬಿದ್ದ ಪೆಟ್ಟು, ಕೆಲವು ಮಾತ್ರೆಗಳು ಇವೆಲ್ಲವೂ ಮರೆವು ತರುತ್ತವೆ. ಇವುಗಳಲ್ಲಿ ಎಷ್ಟೋ ವಾಸಿಯಾಗುವಂಥವು. ಅದಕ್ಕೇ "ವಯಸ್ಸಾತು" ಅಂತ ಬಿಡಬಾರದು. ರಕ್ತ ಪರೀಕ್ಷೆ, ಸ್ಕ್ಯಾನು, ಒಂದು ತಾಸಿನ ಪ್ರಶ್ನೋತ್ತರ ಎಲ್ಲ ಮುಗಿದ ಮೇಲೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು.

1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯ ತನ್ನ ರೋಗಿ ಆಗಸ್ಟೆ ಡೀಟರ್ ಎಂಬ ಹೆಂಗಸಿನ ಮಿದುಳಿನಲ್ಲಿ ಕಂಡದ್ದನ್ನು ಮೊದಲ ಸಲ ವಿವರಿಸಿದ. ಮಿದುಳಿನ ಕೋಶಗಳ ಸುತ್ತ ಒಂದು ಬಗೆಯ ಪ್ರೋಟೀನು ಗಸಿಯಂತೆ ಕೂಡುತ್ತದೆ, ಕೋಶಗಳ ಒಳಗೆ ಇನ್ನೊಂದು ಗಂಟು ಗಂಟಾಗುತ್ತದೆ. ಕೋಶಗಳು ಮೆಲ್ಲಗೆ ಸಾಯುತ್ತವೆ. ಡೊನೆಪೆಝಿಲ್, ಮೆಮಾಂಟೀನ್‌ನಂಥ ಮಾತ್ರೆಗಳು ಕೆಲವರಿಗೆ ಕೆಲಕಾಲ ಲಕ್ಷಣಗಳನ್ನು ಹಗುರ ಮಾಡುತ್ತವೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ.

ನಾವು ಒಬ್ಬರೇ ಅಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಈ ಡಿಮೆನ್ಷಿಯಾದ ಬಗೆಗಳಲ್ಲಿ ಅತಿ ಸಾಮಾನ್ಯವಾದದ್ದು ಆಲ್ಝೈಮರ್ಸ್.

ನಿನ್ನೆ ಇಲ್ಲ, 1980 ಇದೆ

ಬೆಳಿಗ್ಗೆ ತಿಂದ ಉಪ್ಪಿಟ್ಟು ಅಪ್ಪನಿಗೆ ಹತ್ತು ಗಂಟೆಗೆ ನೆನಪಿರುವುದಿಲ್ಲ. ಆದರೆ 1980ರ ಜುಲೈ 21 ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನರಗುಂದದ ಕಡೆಯವರಿಗೆ ಆ ತಾರೀಖು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಎದ್ದ ದಿನ ಅದು. ತಹಶೀಲ್ದಾರ್ ಕಚೇರಿ ಮುಂದೆ ಜನ ಸೇರಿದರು, ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಪೊಲೀಸರೂ ಜೀವ ಕಳೆದುಕೊಂಡರು. ಆಗ ಅಪ್ಪನಿಗೆ ಇಪ್ಪತ್ನಾಲ್ಕು. ಗುಂಪಿನ ಹಿಂದೆ ಎಲ್ಲೋ ಇದ್ದವನು ಓಡಿ, ಹಳ್ಳದ ಜಾಲಿಕಂಟಿಯೊಳಗೆ ರಾತ್ರಿಯಿಡೀ ಅವಿತಿದ್ದನಂತೆ. ಕಾಲಿಗೆ ಮುಳ್ಳು ನೆಟ್ಟದ್ದನ್ನು ಈಗಲೂ ಬೆರಳಿಟ್ಟು ತೋರಿಸುತ್ತಾನೆ.

ಇದು ಹೇಗೆ ಸಾಧ್ಯ ಎಂದು ಡಾಕ್ಟರನ್ನು ಕೇಳಿದೆ. ಹೊಸ ನೆನಪುಗಳನ್ನು ಬರೆದಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಈ ಕಾಯಿಲೆ ಮೊದಮೊದಲೇ ಕೈಹಾಕುತ್ತದೆ. ಹಳೆಯ ನೆನಪುಗಳು ಮಿದುಳಿನ ಬೇರೆ ಕಡೆ ಗಟ್ಟಿಯಾಗಿ ಕೂತಿರುತ್ತವೆ, ಅವು ತಡವಾಗಿ ಹೋಗುತ್ತವೆ. ಹಾಗಾಗಿ ಅಪ್ಪ ಸುಳ್ಳು ಹೇಳುತ್ತಿಲ್ಲ, ನಾಟಕ ಮಾಡುತ್ತಿಲ್ಲ. ಅವನಿಗೆ ಇವತ್ತು ಅನ್ನುವುದು ನಿಲ್ಲುತ್ತಿಲ್ಲ, ಅಷ್ಟೇ.

ಆ ರಾತ್ರಿ

ಬೆಂಗಳೂರಿಂದ ನಾನು ಕಳಿಸಿದ ಸಾಮಾನು ಒಂದೆರಡಲ್ಲ. ಜಿಪಿಎಸ್ ವಾಚು ಕಳಿಸಿದೆ, ಅಪ್ಪ ಅದನ್ನು ಬಿಚ್ಚಿ ಜೋಳದ ಚೀಲದಲ್ಲಿ ಇಟ್ಟ. ಕ್ಯಾಮೆರಾ ಹಾಕಿಸಿದೆ, ಮೀಟಿಂಗ್ ನಡುವೆ ಫೋನಿನಲ್ಲಿ ನೋಡಿ "ಅವ್ವಾ, ಅಪ್ಪ ಬಾಗಲ ಕಡೆ ಹೊಂಟಾನ" ಎಂದು ಫೋನು ಮಾಡುತ್ತಿದ್ದೆ. ಪಾಪ, ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಓಡಬೇಕಾಗಿತ್ತು. ನಾನು ಸಹಾಯ ಮಾಡುತ್ತಿರಲಿಲ್ಲ, ಮೇಲ್ವಿಚಾರಣೆ ಮಾಡುತ್ತಿದ್ದೆ.

ಒಮ್ಮೆ ಇಬ್ಬರನ್ನೂ ಬೆಂಗಳೂರಿಗೆ ಕರೆಸಿದೆ. ಮೂರನೇ ಮಹಡಿಯ ಫ್ಲ್ಯಾಟು, ಲಿಫ್ಟಿನ ಸದ್ದು, ಗುರುತಿಲ್ಲದ ಮುಖಗಳು. ಅಪ್ಪನ ಗೊಂದಲ ಎರಡು ಪಟ್ಟಾಯಿತು. ಬಚ್ಚಲು ಎಲ್ಲಿದೆ ಎಂಬುದು ಸಿಗದೇ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದ. ಇಪ್ಪತ್ತು ದಿನಕ್ಕೆ ವಾಪಸ್ ಕಳಿಸಿದೆ. ಜಾಗ ಬದಲಾದರೆ ಇಂಥವರಿಗೆ ಕಷ್ಟ ಹೆಚ್ಚುತ್ತದೆ ಎನ್ನುವುದು ಆಮೇಲೆ ತಿಳಿಯಿತು.

ಹೋದ ವರ್ಷ ಶ್ರಾವಣದಲ್ಲಿ ಎಂಟು ದಿನ ರಜೆ ಹಾಕಿ ಊರಿಗೆ ಹೋದೆ. "ರಾತ್ರಿ ನಾ ನೋಡ್ಕೋತೀನಿ, ನೀ ಮಲ್ಕೋ" ಎಂದು ಅವ್ವನಿಗೆ ಹೇಳಿದೆ. ಐದನೇ ರಾತ್ರಿ, ಎರಡೂವರೆ. ಅಪ್ಪ ನಾಲ್ಕನೇ ಸಲ ಎದ್ದು ಚಿಲಕ ಜಗ್ಗುತ್ತಿದ್ದ. ಅಷ್ಟರೊಳಗೆ ದೇವರ ಮನೆಯ ಮೂಲೆಯಲ್ಲಿ ಒಂದಕ್ಕೆ ಮಾಡಿದ್ದ. ನನಗೆ ಐದು ರಾತ್ರಿಯ ನಿದ್ದೆ ಇರಲಿಲ್ಲ. ಎರಡೂ ಭುಜ ಹಿಡಿದು ಅವನನ್ನು ಮಂಚದ ಮೇಲೆ ಕುಕ್ಕಿದೆ. ತಲೆ ಗೋಡೆಗೆ ತಾಗಿತು.

ಅಪ್ಪ ನನ್ನ ಮುಖ ನೋಡಿ ಎರಡೂ ಕೈ ಮುಗಿದ. "ಹೊಡೀಬ್ಯಾಡ್ರಿ ಸಾಹೇಬ್ರ. ನಾ ಕಲ್ಲ ಒಗದಿಲ್ರಿ" ಅಂದ.

ನನ್ನ ಕೈಕಾಲು ತಣ್ಣಗಾದವು. ಅವನ ಪಾಲಿಗೆ ನಾನು ಮಗನಾಗಿರಲಿಲ್ಲ, 1980ರ ಪೊಲೀಸನಾಗಿದ್ದೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಅಪ್ಪನಿಗೆ ನೀರು ಕುಡಿಸಿ, ಹೊದಿಸಿ, ಹಣೆ ಸವರಿ ಮಲಗಿಸಿದಳು. ಆಮೇಲೆ ಪಡಸಾಲೆಯಲ್ಲಿ ಕೂತು ಮೆಲ್ಲಗೆ ಅಂದಳು: "ನೀ ಐದ ದಿನಕ್ಕ ಹಿಂಗಾದಿ. ನಂದು ಮೂರು ವರ್ಷ ಆತು ತಮ್ಮಾ." ಸ್ವಲ್ಪ ಹೊತ್ತು ಬಿಟ್ಟು, "ನಾನೂ ಒಮ್ಮೊಮ್ಮೆ ಕೈ ಎತ್ತೇನಿ. ಯಾರ ಮುಂದೂ ಹೇಳಿಲ್ಲ. ಪಾಪ ಅನಸ್ತದ, ಆದ್ರ ಆ ಹೊತ್ತಿಗೆ ತಲಿ ನಿಲ್ಲಂಗಿಲ್ಲ."

ಮರುದಿನ ಅಪ್ಪನ ಮಾತ್ರೆ ತರಲು ಹೋದಾಗ ಅವ್ವನ ಬಿಪಿಯನ್ನೂ ನೋಡಿಸಿದೆ. 180ರ ಮೇಲೆ 110. ಮಂಡಿನೋವಿಗೆ ಅಂಗಡಿಯಿಂದ ಕೇಳಿ ತಂದ ಗುಳಿಗೆ ನುಂಗುತ್ತಿದ್ದಳು. ಒಂದು ವರ್ಷದಿಂದ ಮದುವೆ, ಮುಂಜಿವೆ ಯಾವುದಕ್ಕೂ ಹೋಗಿರಲಿಲ್ಲ. "ಇವರನ್ನ ಯಾರ ಕಡೆ ಬಿಟ್ಟು ಹೋಗ್ಲಿ?" ಅಂದಳು. ನಾವು ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಪ್ರತಿ ಫೋನಿನಲ್ಲೂ ಕೇಳುತ್ತಿದ್ದದ್ದು ಒಂದೇ, "ಅಪ್ಪ ಹೆಂಗದಾನ?"

ಆನ್-ಕಾಲ್ ಪಟ್ಟಿ

ನಮ್ಮ ಆಫೀಸಿನಲ್ಲಿ ಆನ್-ಕಾಲ್ ಅಂತ ಒಂದಿದೆ. ರಾತ್ರಿ ಸರ್ವರ್ ಬಿದ್ದರೆ ಏಳಬೇಕಾದವರ ಪಟ್ಟಿ. ವಾರಕ್ಕೊಬ್ಬರು, ಅವರಿಗೆ ಆಗದಿದ್ದರೆ ಎಂದು ಹಿಂದೊಬ್ಬರು. ರಾತ್ರಿ ಎದ್ದವರು ಮರುದಿನ ತಡವಾಗಿ ಬರಬಹುದು. ಒಬ್ಬನನ್ನೇ ಎರಡು ವಾರ ಹಾಕಿದರೆ ಟೀಮಿನಲ್ಲಿ ಜಗಳವೇ ಆಗುತ್ತದೆ. ಬೆಂಗಳೂರಿಗೆ ವಾಪಸಾಗುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನಮ್ಮವ್ವ ಮೂರು ವರ್ಷದಿಂದ, ಹಗಲೂ ರಾತ್ರಿ, ಒಬ್ಬಳೇ ಆನ್-ಕಾಲ್. ಹಿಂದೆ ಯಾರೂ ಇಲ್ಲ. ಯಂತ್ರಕ್ಕೆ ಕೊಡುವ ಮರ್ಯಾದೆಯನ್ನು ಅವ್ವನಿಗೆ ಕೊಟ್ಟಿರಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿತು. ಅಪ್ಪ ಜಾಲಿಕಂಟಿಯೊಳಗೆ ಅವಿತ ಅದೇ 1980ರಲ್ಲಿ ಅಮೆರಿಕದ ಸ್ಟೀವನ್ ಝಾರಿಟ್ ಮತ್ತು ಜೊತೆಗಾರರು ಮರೆಗುಳಿ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ 29 ಮಂದಿಯನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದ್ದರು. ರೋಗಿಯ ಕಾಟ ಹೆಚ್ಚಾದಷ್ಟೂ ನೋಡಿಕೊಳ್ಳುವವರ ಹೊರೆ ಹೆಚ್ಚು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅವರಿಗೆ ಕಂಡದ್ದು ಬೇರೆ. ಯಾರ ಮನೆಗೆ ಮಕ್ಕಳು, ಮೊಮ್ಮಕ್ಕಳು, ಬಂಧುಗಳು ಹೆಚ್ಚು ಸಲ ಬಂದು ಹೋಗುತ್ತಿದ್ದರೋ ಅವರಿಗೆ ಹೊರೆ ಕಡಿಮೆ ಅನಿಸುತ್ತಿತ್ತು. ಆ ಅಧ್ಯಯನದಿಂದ ಬೆಳೆದ ಝಾರಿಟ್ ಪ್ರಶ್ನಾವಳಿ, 22 ಪ್ರಶ್ನೆಗಳದ್ದು, ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ಅವ್ವನಿಗೆ ನಮ್ಮ ಮಾತಿನಲ್ಲಿ ಕೇಳಿದೆ. "ನಿನಗಂತ ಹೊತ್ತು ಸಿಗ್ತದೇನ?" ಅನ್ನುವ ಪ್ರಶ್ನೆಗೆ ಅವ್ವ ನಕ್ಕಳು. ಉತ್ತರ ಕೊಡಲಿಲ್ಲ.

ದೀಪಾವಳಿಗೆ ಎಲ್ಲರನ್ನೂ ರೋಣದಲ್ಲಿ ಕೂಡಿಸಿದೆ. ಗಜೇಂದ್ರಗಡದಿಂದ ಅಕ್ಕ, ಮಾವ, ನರಗುಂದದ ಕಡೆಯಿಂದ ಕಾಕಾ, ಕಾಕಿ. ಸುಲಭವಾಗಿ ಏನೂ ಆಗಲಿಲ್ಲ. "ನಿಮ್ಮವ್ವ ಅದಾಳಲ್ಲ, ಮತ್ತ್ಯಾಕ?" ಅಂದ ಕಾಕಾ. ಅಕ್ಕನಿಗೆ ಅವಳ ಅತ್ತೆಯ ಮನೆಯ ಚಿಂತೆ. ಅವ್ವ ಸ್ವತಃ, "ಹೆಣ್ಮಗಳ್ನ ಕರಿಸಿ ದುಡಿಸ್ಲೇನ? ಮಂದಿ ಏನಂತಾರ?" ಅಂದಳು. ಜಗತ್ತಿನಲ್ಲಿ ಡಿಮೆನ್ಷಿಯಾ ಇರುವವರಿಗೆ ಮನೆಯವರು ಕೊಡುವ ಆರೈಕೆಯ ಹೊತ್ತಿನಲ್ಲಿ ಶೇ 70ರಷ್ಟು ಹೆಂಗಸರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪಡಸಾಲೆಯಲ್ಲಿ ಆ ಲೆಕ್ಕ ಶೇ 100 ಆಗುವುದರಲ್ಲಿತ್ತು.

ಕೊನೆಗೆ ನಾನು ಒಂದು ಹಾಳೆಯ ಮೇಲೆ ಅವ್ವನ ಒಂದು ದಿನವನ್ನು ಬರೆದು ಎಲ್ಲರ ಮುಂದಿಟ್ಟೆ. ಬೆಳಗಿನ ಜಾವ ನಾಲ್ಕರಿಂದ ರಾತ್ರಿ ಒಂದರವರೆಗೆ ತಾಸು ತಾಸಿಗೆ ಏನೇನು ಕೆಲಸ, ಎಷ್ಟು ಸಲ ಬಟ್ಟೆ ಬದಲು, ಎಷ್ಟು ಸಲ ಒಂದೇ ಪ್ರಶ್ನೆಗೆ ಉತ್ತರ. ಕಾಕಾ ಅದನ್ನು ಎರಡು ಸಲ ಓದಿದ. ಆಮೇಲೆ, "ಸುಗ್ಗಿ ಹೊತ್ತ ಬಿಟ್ಟು ತಿಂಗಳಿಗೆ ನಾಕ ದಿನ ನಾ ಬಂದಿರ್ತೀನಿ. ಅಣ್ಣನ ಕೂಡ ಹಳೀ ಮಾತ ಆಡಿದ್ಹಂಗೂ ಆಗ್ತದ" ಅಂದ.

ಈಗಿನ ಪಟ್ಟಿ ಹೀಗಿದೆ. ಪ್ರತಿ ಗುರುವಾರ ಅಕ್ಕ ಬೆಳಗಿನ ಬಸ್ಸಿಗೆ ಬಂದು ಸಂಜೆ ಹೋಗುತ್ತಾಳೆ. ಕಾಕಾ ತಿಂಗಳಿಗೆ ನಾಲ್ಕು ದಿನ. ದಿನಾ ಸಂಜೆ ಐದರಿಂದ ಎಂಟು, ಅಂದರೆ ಅಪ್ಪನ ಬಸ್ಸಿನ ಹೊತ್ತಿಗೆ, ಓಣಿಯ ಒಬ್ಬ ಹುಡುಗ ಬರುತ್ತಾನೆ, ಅವನಿಗೆ ಪಗಾರ ನಾನು ಕೊಡುತ್ತೇನೆ. ತಿಂಗಳಿಗೆ ಒಂದು ವಾರ ನಾನು ರೋಣದಿಂದಲೇ ಕೆಲಸ ಮಾಡುತ್ತೇನೆ, ಆ ವಾರದ ರಾತ್ರಿಗಳು ನನ್ನವು. ಇದನ್ನು ಮ್ಯಾನೇಜರ್ ಹತ್ತಿರ ಕೇಳಲು ಮೂರು ತಿಂಗಳು ಹಿಂಜರಿದಿದ್ದೆ. ಮೊದಲು ಆಗುವುದಿಲ್ಲ ಅಂದರು. ವಿಷಯ ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಈ ಸಲದ ಬಡ್ತಿ ನನಗೆ ಬರಲಿಲ್ಲ. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮೊದಲ ಗುರುವಾರ ಅವ್ವ ಎಲ್ಲಿಗೂ ಹೋಗಲಿಲ್ಲ. ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಲಗಿದ್ದಳಂತೆ. ನಾಲ್ಕನೇ ಗುರುವಾರ ಗಜೇಂದ್ರಗಡಕ್ಕೆ ಹೋಗಿ ಗುಡ್ಡದ ಕಾಲಕಾಲೇಶ್ವರನ ದರ್ಶನ ಮಾಡಿ, ಅಕ್ಕನ ಮಗಳ ಜೊತೆ ಪ್ಯಾಟಿಯಲ್ಲಿ ಗಿರಮಿಟ್ಟು ತಿಂದು ಬಂದಳು. ರಾತ್ರಿ ಫೋನಿನಲ್ಲಿ ಅದನ್ನು ಹೇಳುವಾಗ ಅವಳ ದನಿ ಬೇರೆಯೇ ಇತ್ತು.

ಅಪ್ಪನ ಜೊತೆ ಕಲಿತದ್ದು

ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ನಿಮ್ಮ ಮನೆಗೆ ಎಷ್ಟು ಹೊಂದುತ್ತದೋ ಅಷ್ಟು ತಗೊಳ್ಳಿ.

ವಾದ ಬಿಟ್ಟೆವು. "ನಮ್ಮವ್ವ ಎಲ್ಲಿ?" ಅಂದರೆ "ಸತ್ತಾಳ" ಅನ್ನುವುದಿಲ್ಲ, "ಆಯಿ ನಿನಗ ಏನ್ ಮಾಡಿ ಹಾಕ್ತಿದ್ಳು?" ಎಂದು ಕೇಳುತ್ತೇವೆ. ಅಪ್ಪ ಮಾದಲಿ, ಕಡಬು ಎಂದು ಶುರುಮಾಡಿ ಬಸ್ಸು ಮರೆಯುತ್ತಾನೆ. ಮರೆಯದಿದ್ದರೆ ಆ ಹುಡುಗ ಕೈಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗುತ್ತಾನೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, "ಕಡೀ ಬಸ್ ಹೋತ್ರಿ ಕಾಕಾ, ನಾಳಿ ಹೋಗೂಣು" ಅಂದರೆ ತಿರುಗಿ ಬರುತ್ತಾನೆ. ಇದು ಸುಳ್ಳಲ್ಲವೇ ಎಂದು ನನಗೆ ಬಹಳ ದಿನ ಚುಚ್ಚಿತು. ಆದರೆ ನನ್ನ ಸತ್ಯ ಅವನನ್ನು ಮೂರು ಸಲ ಅಳಿಸಿತ್ತು.

ಸಂಜೆಯ ಹೊತ್ತು ಇಂಥವರಿಗೆ ಚಡಪಡಿಕೆ ಹೆಚ್ಚು. ಕತ್ತಲಾಗುವ ಮೊದಲೇ ದೀಪ ಹಾಕುತ್ತೇವೆ, ಟಿವಿ ಬಂದ್ ಮಾಡುತ್ತೇವೆ. ಕೈಗೆ ಕೆಲಸ ಕೊಡುತ್ತೇವೆ. ಶೇಂಗಾ ಸುಲಿಯಲು ಕೂತರೆ ಒಂದು ತಾಸು ಸಮಾಧಾನ. ಹಳೆಯ ಉದ್ರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಏನೋ ಲೆಕ್ಕ ಬರೆಯುತ್ತಾನೆ. ಅದು ತಪ್ಪೋ ಸರಿಯೋ ನಾವು ನೋಡುವುದಿಲ್ಲ. ಗದುಗಿನ ಪುಟ್ಟರಾಜ ಗವಾಯಿಗಳ ಹಾಡು ಹಚ್ಚಿದರೆ ಮಾತು ತಡವರಿಸುವ ಅಪ್ಪ ಸಾಲು ತಪ್ಪದೇ ಜೊತೆಗೆ ಹಾಡುತ್ತಾನೆ.

ಜಿಪಿಎಸ್ಸಿಗಿಂತ ಓಣಿಯವರು ವಾಸಿ. ಮೊದಲು ನಾವು ಕಾಯಿಲೆ ಮುಚ್ಚಿಟ್ಟಿದ್ದೆವು. ಈಗ ಚಹಾದಂಗಡಿಯವರಿಗೆ, ಕಿರಾಣಿಯವರಿಗೆ, ಬಸ್ ಸ್ಟ್ಯಾಂಡಿನಲ್ಲಿರುವವರಿಗೆ ಎಲ್ಲ ಹೇಳಿದ್ದೇವೆ. ಅಪ್ಪನ ಅಂಗಿಯ ಒಳಗೆ ನನ್ನ ನಂಬರ್ ಹೊಲಿಸಿದ್ದೇವೆ. ಎರಡು ಸಲ ಅವರೇ ಕರೆತಂದು ಬಿಟ್ಟಿದ್ದಾರೆ.

ಇನ್ನೊಂದು ಮಾತು. ಎರಡೇ ದಿನದಲ್ಲಿ ದಿಢೀರನೆ ಗೊಂದಲ ಹೆಚ್ಚಿದರೆ, ಮಂಪರು ಬಂದರೆ, "ಕಾಯಿಲಿ ಬೆಳೀತು" ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ನೀರು ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ ಇವುಗಳಿಂದಲೂ ಹಾಗಾಗುತ್ತದೆ. ಬೇಗ ಡಾಕ್ಟರ್ ಹತ್ತಿರ ಹೋಗಿ. ನಮ್ಮಪ್ಪನಿಗೆ ಒಮ್ಮೆ ಹಾಗಾಗಿ, ಸೋಂಕಿಗೆ ಔಷಧಿ ಕೊಟ್ಟ ಮೇಲೆ ವಾರದಲ್ಲಿ ಮೊದಲಿನಂತಾದ.

ಕಾಗದಪತ್ರಗಳನ್ನೂ ಬೇಗ ನೋಡಿಕೊಳ್ಳಿ. ಬುದ್ಧಿ ಸ್ಥಿಮಿತ ಇರುವಾಗ ಬರೆದುಕೊಟ್ಟ ಸಾಮಾನ್ಯ ಮುಖ್ತಿಯಾರ್ ಪತ್ರ ಆ ಸ್ಥಿಮಿತ ಹೋದ ಮೇಲೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಬ್ಯಾಂಕ್ ಖಾತೆಗೆ ಅವ್ವನ ಹೆಸರು ಸೇರಿಸುವುದು, ನಾಮಿನಿ, ಮರಣಪತ್ರ ಎಲ್ಲವನ್ನೂ ಮೊದಲ ಹಂತದಲ್ಲೇ ವಕೀಲರ, ವೈದ್ಯರ ಸಲಹೆ ತಗೊಂಡು ಮುಗಿಸಿ. ನಾವು ತಡಮಾಡಿದೆವು. ಊರಿನ ಹೊಲದ ಪಹಣಿ ವಿಷಯದಲ್ಲಿ ಇನ್ನೂ ಒದ್ದಾಡುತ್ತಿದ್ದೇವೆ.

ನಿಮಗೂ ಕಾಯಿಲೆ ಬರುತ್ತದೇನ್ರಿ?

ನನಗೆ ಮೂವತ್ತು. ಮನೆಯಲ್ಲಿ ಕನ್ಯೆ ನೋಡುತ್ತಿದ್ದಾರೆ. ಒಂದು ಸಂಬಂಧ ಬಹುತೇಕ ಕೂಡಿಬಂದಿತ್ತು. ಅಪ್ಪನ ವಿಷಯ ನಾನೇ ಹೇಳಿದೆ. "ಇದು ವಂಶದಾಗ ಬರ್ತದೇನ್ರಿ?" ಎಂದು ಹುಡುಗಿಯ ತಂದೆ ಕೇಳಿದರು. ಆಮೇಲೆ ಅವರ ಫೋನು ಬರಲಿಲ್ಲ. ಅವರ ಮೇಲೆ ಸಿಟ್ಟಿಲ್ಲ. ಅದೇ ಪ್ರಶ್ನೆಯನ್ನು ನಾನೇ ರಾತ್ರಿ ಹೊತ್ತು ಎಷ್ಟು ಸಲ ಕೇಳಿಕೊಂಡಿದ್ದೇನೆ.

ಡಾಕ್ಟರು ಹೇಳಿದ್ದು ಇಷ್ಟು. 65ರ ನಂತರ ಬರುವ ಸಾಮಾನ್ಯ ಬಗೆಯ ಆಲ್ಝೈಮರ್ಸ್ ತಂದೆಗೆ ಬಂತು ಎಂದಮಾತ್ರಕ್ಕೆ ಮಗನಿಗೆ ಬಂದೇ ಬರುತ್ತದೆ ಅಂತಿಲ್ಲ. ಸಾಧ್ಯತೆ ಒಂದಿಷ್ಟು ಹೆಚ್ಚು, ಅಷ್ಟೇ. ಒಂದೇ ಜೀನಿನಿಂದ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ, ಸಣ್ಣ ವಯಸ್ಸಿಗೇ ಬರುವ ಬಗೆ ಬಹಳ ಅಪರೂಪ. 2024ರಲ್ಲಿ ಲ್ಯಾನ್ಸೆಟ್ ಆಯೋಗದ ವರದಿ ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಧೂಮಪಾನ, ಕಿವುಡು, ದೃಷ್ಟಿದೋಷ, ಒಂಟಿತನ ಇಂಥ 14 ಅಂಶಗಳನ್ನು ಪಟ್ಟಿಮಾಡಿ, ಇವನ್ನು ಸರಿಮಾಡಿಕೊಂಡರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ದಿನಕ್ಕೆ ಹತ್ತು ತಾಸು ಕುರ್ಚಿ ಬಿಟ್ಟು ಏಳದ ನಮ್ಮಂಥವರು ಅದನ್ನು ಓದಬೇಕು.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು

ಅವ್ವ ಒಂದು ದಿನ ಅಂದಳು: "ಅಪ್ಪ ಎದುರಿಗೇ ಕುಂತಾರ. ಆದ್ರ ನನ್ನ ಕೂಡ ಮಾತಾಡಾಕ ಅವರಿಲ್ಲ. ಅಳಬೇಕೋ ಅಳಬಾರದೋ ತಿಳಿವಲ್ದು." ಇದ್ದೂ ಇಲ್ಲದವರ ಈ ದುಃಖಕ್ಕೆ ಪಾಲಿನ್ ಬಾಸ್ ಎಂಬ ಅಮೆರಿಕದ ತಜ್ಞೆ ಒಂದು ಹೆಸರನ್ನೇ ಕೊಟ್ಟಿದ್ದಾರೆ, ಅಸ್ಪಷ್ಟ ನಷ್ಟ ಎಂದು ಕನ್ನಡದಲ್ಲಿ ಹೇಳಬಹುದು. ಸತ್ತರೆ ದಿನಕರ್ಮ ಇದೆ, ಮಾತಾಡಿಸಲು ಜನ ಬರುತ್ತಾರೆ. ಇದಕ್ಕೆ ಯಾವ ಶಾಸ್ತ್ರವೂ ಇಲ್ಲ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅನಂತ್ ನಾಗ್ ಮಾಡಿದ ಆಲ್ಝೈಮರ್ಸ್ ತಂದೆಯನ್ನು ನೋಡಿ ಕಾಲೇಜಿನಲ್ಲಿ ಕಣ್ಣೀರು ಹಾಕಿದ್ದೆ. ಮನೆಯಲ್ಲಿ ಅದು ಎರಡು ತಾಸಿಗೆ ಮುಗಿಯುವುದಿಲ್ಲ.

ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಟ್ಟು, ಊಟ ಸೇರದಿರುವುದು, ಯಾರ ಜೊತೆಯೂ ಮಾತು ಬೇಡ ಅನಿಸುವುದು, "ಇವರು ಹೋದರೆ ಸಾಕು" ಎಂಬ ಯೋಚನೆ ಬಂದು ಆಮೇಲೆ ತನ್ನನ್ನೇ ಬೈದುಕೊಳ್ಳುವುದು. ಇವು ಕೆಟ್ಟ ಹೆಂಡತಿಯ, ಕೆಟ್ಟ ಮಗನ ಲಕ್ಷಣಗಳಲ್ಲ, ದಣಿದವರ ಲಕ್ಷಣಗಳು. ಕೈ ಎತ್ತುವ ಹಂತಕ್ಕೆ ಬಂದಿದ್ದೀರಿ ಅನಿಸಿದರೆ, ಅವರು ಬೀಳದಂತೆ ಕೂರಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲಿ, ಯಾರಿಗಾದರೂ ಫೋನು ಮಾಡಿ. ನಾನು ಆ ರಾತ್ರಿ ಅದನ್ನು ಮಾಡಲಿಲ್ಲ.

ಫೋನು ಮಾಡಲು ಯಾರೂ ಇಲ್ಲದಿದ್ದರೆ 14416 ಇದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಹೌದು. ಹಿರಿಯರ ಸಹಾಯವಾಣಿ 14567. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ದಿನ ಯಾವುದು ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿದೆ, ಜಿಲ್ಲಾ ಆಸ್ಪತ್ರೆಗೆ ಹೋದಾಗ ಬ್ರೇನ್ ಹೆಲ್ತ್ ಕ್ಲಿನಿಕ್ ಬಗ್ಗೆಯೂ ಕೇಳಿ.

ಮೊನ್ನೆ ಒಂದು ಗುರುವಾರ, ನನ್ನ ವಾರ ಇತ್ತು. ಅಪ್ಪನನ್ನು ನಿಜವಾಗಿಯೂ ನರಗುಂದದ ಬಸ್ಸು ಹತ್ತಿಸಿದೆ. ದೂರದಿಂದ ಗುಡ್ಡ ಕಂಡ ಕೂಡಲೇ ಅವನ ಮುಖ ಅರಳಿತು. ಕಾಕಾ ಬೈಕಿನಲ್ಲಿ ಬಂದು ಹಳ್ಳಿಗೆ ಕರೆದೊಯ್ದ. ಹಳೆಯ ಮನೆಯ ಕಟ್ಟೆ, ಬೇವಿನ ಮರ, ಹಗೇವು ಎಲ್ಲ ನೋಡಿದ. ಕಾಕಿ ಕೊಟ್ಟ ಚಹಾ ಕುಡಿದ. ಸಂಜೆ ಐದು ಹೊಡೆಯಿತು. ಅಪ್ಪ ಎದ್ದು ಟೋಪಿ ಹಾಕಿಕೊಂಡು ಛತ್ರಿ ಹಿಡಿದ.

"ನಡೀ ತಮ್ಮಾ, ಮನಿಗೆ ಹೋಗೂಣು. ನಮ್ಮವ್ವ ಕಾಯ್ತಿರ್ತಾಳ."

ಅವನಿಗೆ ಬೇಕಾದ ಮನೆ ಯಾವ ಬಸ್ಸಿಗೂ ಸಿಗುವುದಿಲ್ಲ ಎಂದು ಅವತ್ತು ಗೊತ್ತಾಯಿತು. "ಹೂಂ ಅಪ್ಪಾ, ನಡೀ" ಎಂದು ಕೈಹಿಡಿದುಕೊಂಡೆ. ನಾನು ಯಾರು ಅನ್ನುವುದು ಅವನಿಗೆ ಅವತ್ತು ಗೊತ್ತಿತ್ತೋ ಇಲ್ಲವೋ, ಕೈಯಂತೂ ಬಿಡಿಸಿಕೊಳ್ಳಲಿಲ್ಲ.

ಬಸ್ಸಿನಿಂದ ಅವ್ವನಿಗೆ ಫೋನು ಮಾಡಿದೆ. ಅಕ್ಕನ ಮನೆಯಲ್ಲಿದ್ದಳು, ನಿದ್ದೆಗಣ್ಣಿನಲ್ಲಿ ಎತ್ತಿದಳು. ಅಪ್ಪನ ಸುದ್ದಿ ಹೇಳುವ ಮೊದಲು "ನೀ ಹೆಂಗದಿ ಅವ್ವಾ?" ಅಂದೆ. ಒಂದು ಗಳಿಗೆ ಸುಮ್ಮನಿದ್ದಳು. "ಇವತ್ತ ಆರಾಮ ಅದೀನಿ" ಅಂದಳು.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದರೆ, ಈ ಪುಟ ಮುಚ್ಚಿ ಒಂದು ಫೋನು ಮಾಡಿ. ರೋಗಿ ಹೇಗಿದ್ದಾರೆ ಎಂದು ಆಮೇಲೆ ಕೇಳಿ. ಮೊದಲು ನೋಡಿಕೊಳ್ಳುತ್ತಿರುವವರು ಹೇಗಿದ್ದಾರೆ ಕೇಳಿ. ಆಮೇಲೆ, ಯಾವ ವಾರ ನೀವು ಹೋಗಿ ಇರುತ್ತೀರಿ ಅನ್ನುವುದನ್ನೂ ಹೇಳಿ.